ಬಾಲದ ಕಾರು, ಗಿರಣಿ ಹಿಂದಿನ ಜೀಪು



ನಮ್ಮ ತಾಳವಾಡಿ ಬೆಟ್ಟದ ಶಾಲೆಗಳಲ್ಲಿ ಪ್ರವಾಸ ಅಂದರೆ ಅದಕ್ಕೊಂದು ಸಿದ್ಧ ದಾರಿ ಇದೆ. ಚಾಮರಾಜನಗರ, ನಂಜನಗೂಡು, ಮೈಸೂರು. ಬೆಳಿಗ್ಗೆ ಝೂ, ಮಧ್ಯಾಹ್ನ ಅರಮನೆ, ಸಂಜೆ ಕೆ.ಆರ್.ಎಸ್. ದೀಪ. ನಾವು ಓದುವಾಗಲೂ ಇದೇ ದಾರಿ, ಈಗ ಪಾಠ ಮಾಡುವಾಗಲೂ ಇದೇ ದಾರಿ. ಸಂಬಳ ಕೊಡುವುದು ತಮಿಳುನಾಡು ಸರ್ಕಾರ, ಪ್ರವಾಸ ಮಾತ್ರ ಕರ್ನಾಟಕಕ್ಕೆ! ಈ ಸಲ ಒಮ್ಮೆ ಘಾಟಿ ಇಳಿದು ನೋಡೋಣ ಅಂತ ಮಕ್ಕಳನ್ನು ಕೊಯಮತ್ತೂರಿಗೆ ಕರೆದುಕೊಂಡು ಹೋದೆವು. ದಿಂಬಂನ 27 ತಿರುವಿನಲ್ಲಿ ಆಗಬೇಕಾದ್ದು ಆಯಿತು, ನಿಂಬೆಹಣ್ಣು ಸಾಕಾಗಲಿಲ್ಲ. ಅದನ್ನು ಬಿಡಿ.

ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಜಿ.ಡಿ. ನಾಯ್ಡು ಅವರ ಹೆಸರಿನ ಸಂಸ್ಥೆಯವರು ನಡೆಸುವ ಜೀಡೀ ಕಾರ್ ಮ್ಯೂಸಿಯಂ ಇದೆ. 2015ರಲ್ಲಿ ತೆರೆದದ್ದು. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯ ತದ್ರೂಪಿನಿಂದ ಹಿಡಿದು ಇಂಗ್ಲೆಂಡ್, ಜರ್ಮನಿ, ಅಮೆರಿಕ ದೇಶಗಳ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಮೈಸೂರಿನ ದಾರಿಯನ್ನೇ ಹಿಡಿಯುವ ಶಾಲೆಗಳಿಗೂ ಈಗ ಇಂಥದ್ದೊಂದಿದೆ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಕಾರು ಸಂಗ್ರಹದ 'ಪಯಣ' ಮ್ಯೂಸಿಯಂ 2023ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬೆಂಗಳೂರು ಹೆದ್ದಾರಿಯಲ್ಲಿ ಆರಂಭವಾಯಿತು. ಟಿಪ್ಪು ಬೇಸಿಗೆ ಅರಮನೆ ನೋಡಿದವರು ಅದನ್ನೂ ನೋಡಿಕೊಂಡು ಬರಬಹುದು.

ಜಿ.ಡಿ. ನಾಯ್ಡು ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. 1893ರಲ್ಲಿ ಕೊಯಮತ್ತೂರು ಹತ್ತಿರದ ಕಲಂಗಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಶಾಲೆ ಅವರಿಗೆ ಆಗಿಬರಲಿಲ್ಲ. (ನಾವು ಮೇಷ್ಟ್ರುಗಳು ಇಂಥ ಕಥೆಗಳನ್ನು ಮಕ್ಕಳ ಮುಂದೆ ಸ್ವಲ್ಪ ಮೆತ್ತಗೆ ಹೇಳುತ್ತೇವೆ!) ಒಬ್ಬ ಬ್ರಿಟಿಷ್ ಅಧಿಕಾರಿಯ ಮೋಟಾರ್ ಸೈಕಲ್ ಕಂಡು ಮರುಳಾಗಿ, ಹೋಟೆಲಿನಲ್ಲಿ ಕೆಲಸ ಮಾಡಿ ದುಡ್ಡು ಕೂಡಿಸಿ, ಅದನ್ನೇ ಕೊಂಡು, ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರಂತೆ. 1920ರಲ್ಲಿ ಒಂದು ಬಸ್ಸು ತಂದು ಪೊಳ್ಳಾಚಿಗೂ ಪಳನಿಗೂ ನಡುವೆ ಓಡಿಸಿದರು. ಅದೇ ಬೆಳೆದು ದೊಡ್ಡ ಬಸ್ ಕಂಪನಿಯಾಯಿತು. 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಅವರ ಜೊತೆ ಸೇರಿ ಭಾರತದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರನ್ನು ಹೊರತಂದರು. 1952ರಲ್ಲಿ ಇಬ್ಬರು ಕೂರುವ ಒಂದು ಪೆಟ್ರೋಲ್ ಕಾರು ಮಾಡಿದರು, ಬೆಲೆ 2,000 ರೂಪಾಯಿ ಅಂತ. ಸರ್ಕಾರದ ಲೈಸೆನ್ಸ್ ಸಿಗದೆ ಅದು ಅಲ್ಲಿಗೇ ನಿಂತಿತು.

ಇದೇ ಸಂಕಟ ನಮ್ಮ ವಿಶ್ವೇಶ್ವರಯ್ಯನವರದ್ದೂ ಆಗಿತ್ತು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅಮೆರಿಕ ಮತ್ತು ಯೂರೋಪಿನ ಕಾರು ಕಾರ್ಖಾನೆಗಳನ್ನು ತಿರುಗಿ ನೋಡಿಕೊಂಡು ಬಂದು, ನಮ್ಮ ದೇಶದಲ್ಲೂ ಒಂದು ಕಾರ್ಖಾನೆ ಆಗಬೇಕು ಅಂತ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸಂಸ್ಥಾನದಲ್ಲೇ ಮಾಡುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು, ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಾಯದಿಂದ 1947ರಲ್ಲಿ ಡಾಡ್ಜ್, ಪ್ಲಿಮತ್ ಕಾರುಗಳು ಅಲ್ಲಿಂದ ಹೊರಬಂದವು. ಅದಕ್ಕೂ ಮೊದಲು, 1928ರಲ್ಲೇ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಬಿಡಿಭಾಗ ತರಿಸಿ ಜೋಡಿಸಲು ಶುರುಮಾಡಿತ್ತು. ಅಂದರೆ ಜೋಡಿಸುವ ಕೈ ನಮ್ಮದು, ಗೆರೆ ಎಳೆದ ಕೈ ಅವರದು. ನಮ್ಮ ಮ್ಯೂಸಿಯಂಗಳಲ್ಲಿ ಹಳೆಯ ಕಾರು ಅಂದರೆ ಹೆಚ್ಚಿನವು ಪರದೇಶದ್ದೇ ಯಾಕೆ ಅಂತ ಮಕ್ಕಳು ಕೇಳಿದರೆ ಇಷ್ಟು ಹೇಳಬಹುದು.

ಅಲ್ಲಿ ಒಂದು ಉದ್ದನೆಯ ಕಾರಿನ ಮುಂದೆ ನಮ್ಮ ಏಳನೇ ತರಗತಿಯ ಹುಡುಗಿಯೊಬ್ಬಳು ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಇದ್ಯಾಕ್ ಸಾ ಇಷ್ಟುದ್ದ? ನಮ್ಮೂರ್ ಬೀದೀಲಿ ತಿರುಗ್ಸಕ್ಕಾದದಾ?"

ಒಳ್ಳೆಯ ಪ್ರಶ್ನೆ. ಶಾಲೆಗೆ ವಾಪಸ್ಸು ಬಂದ ಮೇಲೆ ಅಲ್ಲಿಂದಲೇ ಪಾಠ ಶುರುಮಾಡಿದೆವು. ಕಪ್ಪುಹಲಗೆ ಮೇಲೆ 'ವಿನ್ಯಾಸ' ಅಂತ ಬರೆದು, ಹಾಗಂದರೇನು ಅಂತ ಕೇಳಿದೆವು. ಒಬ್ಬ ರಂಗೋಲಿ ಅಂದ. ಇನ್ನೊಬ್ಬಳು ಸೀರೆ ಅಂಚು ಅಂದಳು. ಪಠ್ಯಪುಸ್ತಕದಲ್ಲಿ ಆ ಪದ ಬಂದಾಗಲೆಲ್ಲ ಹೂವು ಬಳ್ಳಿಯ ಚಿತ್ರವೇ ಇರುತ್ತದೆ, ಮಕ್ಕಳದೇನು ತಪ್ಪು? ಕುಡುಗೋಲು ಯಾಕೆ ಬಾಗಿದೆ, ಅದರ ಹಿಡಿ ಯಾಕೆ ಮರದ್ದು, ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಯಾಕೆ, ಇದನ್ನೆಲ್ಲ ಯಾರೋ ಒಬ್ಬರು ಯೋಚನೆ ಮಾಡಿರಬೇಕಲ್ಲ, ಆ ಯೋಚನೆಯೇ ವಿನ್ಯಾಸ ಅಂದಾಗ ತರಗತಿ ಸ್ವಲ್ಪ ಚುರುಕಾಯಿತು. ಅಲ್ಲಿಂದ ಅಮೆರಿಕಕ್ಕೆ ಹೋದೆವು, ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾ.

ಅಮೆರಿಕದ ಕಾರಿನ ಕಥೆಯಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಹೆನ್ರಿ ಫೋರ್ಡ್ ಅವರದು. 1908ರಲ್ಲಿ ಅವರ 'ಮಾಡೆಲ್ ಟಿ' ಕಾರು ಬಂತು. ಬೆಲೆ 850 ಡಾಲರು. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಕಾರನ್ನೇ ಕೆಲಸಗಾರನ ಹತ್ತಿರ ಎಳೆದುಕೊಂಡು ಬರುವ ಸಾಲು ಶುರುವಾಯಿತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆ 93 ನಿಮಿಷಕ್ಕೆ ಇಳಿಯಿತು. 1925ರ ಹೊತ್ತಿಗೆ ಬೆಲೆ 260 ಡಾಲರು. 1927ರಲ್ಲಿ ನಿಲ್ಲಿಸುವವರೆಗೆ ಒಂದೂವರೆ ಕೋಟಿ ಕಾರು ತಯಾರಾಗಿದ್ದವು. 1914ರಿಂದ 1925ರವರೆಗೆ ಎಲ್ಲವೂ ಕಪ್ಪು ಬಣ್ಣ. ಎಲ್ಲಕ್ಕೂ ಒಂದೇ ಬಣ್ಣವಾದರೆ ಕೆಲಸ ಸಲೀಸು, ಖರ್ಚೂ ಕಡಿಮೆ. ನಮ್ಮ ಮಕ್ಕಳ ಯೂನಿಫಾರಂ ಹಾಗೆ.

ಎರಡನೆಯದು ಜನರಲ್ ಮೋಟಾರ್ಸ್ ಕಂಪನಿಯ ದಾರಿ. ಹೊಸಬರಿಗೆ ಕಾರು ಮಾರುವುದು ಸರಿ, ಕಾರು ಇಟ್ಟುಕೊಂಡವನಿಗೇ ಇನ್ನೊಂದು ಕಾರು ಮಾರುವುದು ಹೇಗೆ? ಅವನ ಕಾರು ಹಳೆಯದಾಯಿತು ಅಂತ ಅವನಿಗೇ ಅನ್ನಿಸಬೇಕು. ಆ ಕಂಪನಿಯ ಮುಖ್ಯಸ್ಥ ಆಲ್‌ಫ್ರೆಡ್ ಸ್ಲೋನ್ ವರ್ಷ ವರ್ಷಕ್ಕೂ ಕಾರಿನ ರೂಪ ಬದಲಿಸುವ ಪದ್ಧತಿಯನ್ನು ಬೆಳೆಸಿದರು. 1927ರಲ್ಲಿ ಹಾರ್ಲಿ ಅರ್ಲ್ ಎಂಬವರನ್ನು ಕರೆಸಿ, ಕಾರಿನ ಅಂದ ಮತ್ತು ಬಣ್ಣಕ್ಕೇ ಒಂದು ವಿಭಾಗ ತೆರೆದರು. ಈ ಅರ್ಲ್ ಮಹಾಶಯರು ಕಾರಿನ ಮಾದರಿಯನ್ನು ಜೇಡಿಮಣ್ಣಿನಲ್ಲಿ ಮಾಡಿಸುತ್ತಿದ್ದರು. ಬೇಕಾದ ಕಡೆ ಮೆತ್ತಿ, ಬೇಡದ ಕಡೆ ಕೆರೆದು! ಇದನ್ನು ಹೇಳಿದಾಗ ನಮ್ಮ ಹುಡುಗರಿಗೆ ಬಹಳ ಸಂತೋಷವಾಯಿತು, ಯಾಕೆಂದರೆ ಗಣೇಶ ಮಾಡುವ ಹಾಗೆ ಕಾರನ್ನೂ ಮಾಡುತ್ತಾರೆ ಅನ್ನುವುದು ಅವರಿಗೆ ಕೈಗೆ ಸಿಗುವ ವಿಷಯ. ಎರಡನೇ ಮಹಾಯುದ್ಧದಲ್ಲಿ ಎರಡು ಬಾಲ ಇದ್ದ ಪಿ-38 ಎಂಬ ವಿಮಾನ ನೋಡಿ ಅರ್ಲ್ ಅವರ ಬಳಗ 1948ರ ಕ್ಯಾಡಿಲಾಕ್ ಕಾರಿನ ಹಿಂದೆ ಎರಡು ಚಿಕ್ಕ ರೆಕ್ಕೆ ಎಬ್ಬಿಸಿತು. ಅದು ವರ್ಷ ವರ್ಷ ಬೆಳೆದು ಬೆಳೆದು 1959ರಲ್ಲಿ ಮೀನಿನ ಬಾಲದ ಹಾಗೆ ನೆಟ್ಟಗೆ ನಿಂತಿತು. ಆ ಬಾಲದಿಂದ ಉಪಯೋಗ ಏನು? ನಮಗಂತೂ ಏನೂ ಕಾಣಲಿಲ್ಲ. ಮಕ್ಕಳು ಮಾತ್ರ ನೋಟ್‌ಬುಕ್ಕಿನ ತುಂಬಾ ಬಾಲದ ಕಾರನ್ನೇ ಬರೆದರು. ಗಣಿತದ ನೋಟ್‌ಬುಕ್ಕಿನಲ್ಲೂ.

ಹೀಗೆ ಬದಲಾಗುವ ಕಾರುಗಳನ್ನು ಜನಕ್ಕೆ ತೋರಿಸಬೇಕಲ್ಲ, ಅದಕ್ಕೆ ಅವರಲ್ಲಿ ಜಾತ್ರೆಗಳು. ಜಾತ್ರೆ ಅಂತಲೇ ಹೇಳಬೇಕು. 1900ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ದೊಡ್ಡ ಮೋಟಾರು ಪ್ರದರ್ಶನ ನಡೆಯಿತು. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನರಲ್ ಮೋಟಾರ್ಸ್‌ನವರು 1960ರ ಅಮೆರಿಕ ಹೇಗಿರುತ್ತದೆ ಅಂತ ಆಟಿಕೆ ಊರು ಕಟ್ಟಿ, ಚಲಿಸುವ ಕುರ್ಚಿಯಲ್ಲಿ ಜನರನ್ನು ಕೂರಿಸಿ ತೋರಿಸಿದರು. ರಸ್ತೆಗಳೇ ರಸ್ತೆಗಳು! 1949ರಿಂದ 1961ರ ನಡುವೆ 'ಮೋಟೊರಾಮ' ಎಂಬ ಪ್ರದರ್ಶನದಲ್ಲಿ ಹಾಡು ಕುಣಿತದ ಜೊತೆ, ಮಾರಾಟಕ್ಕೇ ಇಲ್ಲದ ಕನಸಿನ ಕಾರುಗಳನ್ನು ತೋರಿಸುತ್ತಿದ್ದರು. ಬಣ್ಣಾರಿ ಜಾತ್ರೆಯಲ್ಲಿ ಕೊಳ್ಳಲಿಕ್ಕೆ ಆಗದ ಆಟದ ಸಾಮಾನಿನ ಅಂಗಡಿ ಮುಂದೆ ನಿಂತು ನೋಡುವ ಹಾಗೆ ಅಂತ ಹೇಳಿದೆವು. ಮಕ್ಕಳಿಗೆ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ.

1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನವರು 'ಎಂಟು ಮೋಟಾರು ವಾಹನಗಳು' ಎಂಬ ಪ್ರದರ್ಶನ ಮಾಡಿದರು. ಚಿತ್ರ, ಶಿಲ್ಪ ಇಡುವ ಜಾಗದಲ್ಲಿ ಕಾರು! ಅದೂ ಇಂಜಿನ್ನಿನ ಸಾಮರ್ಥ್ಯ ತೋರಿಸಲಿಕ್ಕಲ್ಲ, ಆಕಾರವನ್ನು ಒಂದು ಕಲಾಕೃತಿಯ ಹಾಗೆ ನೋಡಿ ಅಂತ. ಇಡೀ ಜಗತ್ತಿನಿಂದ ಆರಿಸಿದ್ದು ಎಂಟೇ ಎಂಟು. ಮರ್ಸಿಡಿಸ್, ಬೆಂಟ್ಲಿ, ಲಿಂಕನ್ ಕಾಂಟಿನೆಂಟಲ್ ಇಂಥ ರಾಜಮಹಾರಾಜರ ಕಾರುಗಳ ಸಾಲಿನಲ್ಲಿ ಒಂದು... ಊಹೆ ಮಾಡಿ ನೋಡೋಣ... ವಿಲ್ಲೀಸ್ ಜೀಪು! ಆಮೇಲೆ ಆ ಮ್ಯೂಸಿಯಂ ತನ್ನ ಶಾಶ್ವತ ಸಂಗ್ರಹಕ್ಕೂ ಒಂದು ಜೀಪು ಸೇರಿಸಿಕೊಂಡಿದೆ.

ಚಿತ್ರ ತೋರಿಸಿದಾಗ ತರಗತಿ ಪೂರ್ತಿ ಒಟ್ಟಿಗೆ ಕೂಗಿತು. "ಸಾ, ಇದು ಗಿರಣಿ ಹಿಂದ್ಲ ಜೀಪು ಕಣ್ ಸಾ!"

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಬೆಟ್ಟದ ಊರುಗಳಿಗೆ ಬಸ್ಸು ಸರಿಯಾಗಿ ಬರುವ ಮುಂಚೆ, ಬಂದ ಮೇಲೂ, ಜನರನ್ನು ಹೊತ್ತದ್ದು ಜೀಪು. ಒಳಗೆ ಹನ್ನೆರಡು ಜನ, ಟಾಪಿನ ಮೇಲೆ ಆಲೂಗೆಡ್ಡೆ ಮೂಟೆ, ಹಿಂದೆ ನೇತಾಡುವವರು ಲೆಕ್ಕಕ್ಕಿಲ್ಲ. ಹೆರಿಗೆ ನೋವು ಬಂದವರನ್ನು ಚಾಮರಾಜನಗರಕ್ಕೆ ಕರೆದೊಯ್ದದ್ದು ಜೀಪು. ಮದುವೆ ದಿಬ್ಬಣ ಬಂದದ್ದು ಜೀಪಿನಲ್ಲಿ. ಪರೀಕ್ಷೆ ದಿನ ಮಳೆ ಬಂದರೆ ಮಕ್ಕಳು ಬಂದು ಇಳಿಯುತ್ತಿದ್ದದ್ದೂ ಜೀಪಿನಿಂದಲೇ. ಈಗ ಆ ಕೆಲಸವನ್ನು ಬೇರೆ ಗಾಡಿಗಳು ಮಾಡುತ್ತಿವೆ. ಉಳಿದ ಹಳೇ ಜೀಪುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ನಮ್ಮ ಶಾಲೆಯ ಹತ್ತಿರದ ರಾಗಿ ಗಿರಣಿಯ ಹಿಂದೆ ಒಂದು ನಿಂತಿದೆ. ಚಕ್ರ ಇಲ್ಲ, ಕಲ್ಲಿನ ಮೇಲೆ ಕೂತಿದೆ. ಒಳಗೆ ಕೋಳಿ ಮರಿ ಮಾಡಿಸಿದ್ದಾರೆ.

ಜೀಪು ಹುಟ್ಟಿದ ಕಥೆ ಹೀಗೆ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಒಂದು ಹಗುರವಾದ, ನಾಲ್ಕೂ ಚಕ್ರಕ್ಕೆ ಬಲ ಇರುವ ಗಾಡಿ ಬೇಕಾಯಿತು. 135 ಕಂಪನಿಗಳಿಗೆ ಪತ್ರ ಬರೆದರು. ಗಡುವಿನೊಳಗೆ ಮಾದರಿ ಗಾಡಿಯನ್ನು ಮಾಡಿ ತಂದದ್ದು ಪೆನ್ಸಿಲ್ವೇನಿಯದ ಬ್ಯಾಂಟಮ್ ಎಂಬ ಚಿಕ್ಕ ಕಂಪನಿ, 49 ದಿನದಲ್ಲಿ. ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರು ಒಂದೆರಡು ದಿನದಲ್ಲೇ ನಕ್ಷೆ ಬರೆದು ಮುಗಿಸಿದ್ದರಂತೆ. ಆದರೆ ಬ್ಯಾಂಟಮ್ ಚಿಕ್ಕ ಕಂಪನಿ, ಸಾವಿರಾರು ಗಾಡಿ ಮಾಡಿಕೊಡಲು ಅದಕ್ಕೆ ಆಗದು ಅಂತ ಸೈನ್ಯ ಅದೇ ನಕ್ಷೆಯನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೂ ಕೊಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಾದವು, ಬ್ಯಾಂಟಮ್‌ಗೆ ಸಿಕ್ಕಿದ್ದು ಮೂರು ಸಾವಿರವೂ ಅಲ್ಲ. ಹೆಸರೂ ಅದಕ್ಕೆ ಉಳಿಯಲಿಲ್ಲ. ಕಷ್ಟಪಟ್ಟವರೊಬ್ಬರು, ಹೆಸರು ಇನ್ನೊಬ್ಬರದು. ಇದು ಅಮೆರಿಕದಲ್ಲೂ ಉಂಟು ನೋಡಿ!

ಆ ಜೀಪಿನಲ್ಲಿ ಬೇಡದ ಒಂದು ಗೆರೆ ಇಲ್ಲ. ಮುಂದಿನ ಗಾಜು ಬಾನೆಟ್ಟಿನ ಮೇಲೆ ಮಡಚಿಕೊಳ್ಳುತ್ತದೆ. ಬಾನೆಟ್ಟು ಚಪ್ಪಟೆ, ನಕ್ಷೆ ಹರಡಿ ನೋಡಬಹುದು, ಊಟವನ್ನೂ ಮಾಡಬಹುದು. ಮಡ್‌ಗಾರ್ಡೂ ಚಪ್ಪಟೆ. ಬಾಗಿಲೇ ಇಲ್ಲ, ಹಾರಿ ಇಳಿಯಲು ಸುಲಭ. ಹೆಡ್‌ಲೈಟನ್ನು ತಿರುವಿ ಹಿಂದಕ್ಕೆ ಮಾಡಿದರೆ ಇಂಜಿನ್ ಮೇಲೆ ಬೆಳಕು ಬೀಳುತ್ತದೆ, ಕತ್ತಲಲ್ಲಿ ರಿಪೇರಿಗೆ. ಪಕ್ಕದಲ್ಲಿ ಹಿಡಿಗಳಿವೆ, ಕೆಸರಲ್ಲಿ ಹೂತರೆ ನಾಲ್ಕು ಜನ ಹಿಡಿದು ಎತ್ತಲು. ಬಾಲದ ಕಾರನ್ನು ಮಾಡಿದ್ದೂ ಅದೇ ದೇಶ, ಇದನ್ನು ಮಾಡಿದ್ದೂ ಅದೇ ದೇಶ. ಒಂದು ಮಾರಲಿಕ್ಕಾಗಿ ಹುಟ್ಟಿದ ರೂಪ, ಇನ್ನೊಂದು ಕೆಲಸಕ್ಕಾಗಿ ಹುಟ್ಟಿದ ರೂಪ. ನಮ್ಮ ಮತ ಯಾವುದಕ್ಕೆ ಅಂತ ಬೇರೆ ಹೇಳಬೇಕಿಲ್ಲ.

ಅದು ತಾಳವಾಡಿಗೆ ಬಂದದ್ದು ಮಹೀಂದ್ರ ಕಂಪನಿಯ ಮೂಲಕ. 1947ರಲ್ಲಿ ಅವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪನ್ನು ಜೋಡಿಸಲು ಶುರುಮಾಡಿದರು, ಆಮೇಲೆ ಇಲ್ಲೇ ತಯಾರಿಸಿದರು. ಅಮೆರಿಕದಲ್ಲಿ ಆ ಮಾದರಿ ನಿಂತುಹೋದ ಮೇಲೂ ನಮ್ಮಲ್ಲಿ ದಶಕಗಳ ಕಾಲ ಬರುತ್ತಲೇ ಇತ್ತು. ಪೆಟ್ರೋಲ್ ದುಬಾರಿ ಆದಾಗ ನಮ್ಮ ಮೆಕ್ಯಾನಿಕ್ಕುಗಳು ಆ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದರು, ಹಿಂದೆ ಚಾಸಿ ಉದ್ದ ಮಾಡಿ ಎರಡು ಬೆಂಚು ಹಾಕಿದರು, ತಗಡಿನ ಟಾಪು ಮಾಡಿದರು. ಇದೂ ವಿನ್ಯಾಸವೇ ತಾನೆ? ಆದರೆ ಈ ಕೆಲಸ ಮಾಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಒಂದು ತಮಾಷೆ ಕೇಳಿ. 2018ರಲ್ಲಿ ಅದೇ ಮಹೀಂದ್ರ ಕಂಪನಿ 'ರಾಕ್ಸರ್' ಎಂಬ ಹೆಸರಿನಲ್ಲಿ ಇದೇ ವಂಶದ ಗಾಡಿಯನ್ನು ಅಮೆರಿಕದಲ್ಲೇ ಮಾರಲು ಹೋಯಿತು. ಅಷ್ಟರಲ್ಲಿ ಜೀಪು ಎಂಬ ಹೆಸರಿನ ಒಡೆತನ ಫಿಯಟ್ ಕ್ರೈಸ್ಲರ್ ಕಂಪನಿಯ ಕೈಯಲ್ಲಿತ್ತು. ಇದರ ಮುಖ ನಮ್ಮ ಜೀಪಿನ ಮುಖದ ಹಾಗೇ ಇದೆ ಅಂತ ಅವರು ದೂರು ಕೊಟ್ಟರು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಹಾಗೆಯೇ ತೀರ್ಪು ಕೊಟ್ಟಿತು, ಮಹೀಂದ್ರದವರು ಮುಖ ಬದಲಿಸಿದ ಮೇಲೆ ಅದೇ ವರ್ಷ ಒಪ್ಪಿಗೆ ಸಿಕ್ಕಿತು. ಒಂದು ಗಾಡಿಯ ಮುಖಕ್ಕೂ ಒಡೆಯರಿರುತ್ತಾರೆ! ತರಗತಿಯಲ್ಲಿ ಇದನ್ನು ಹೇಳಿದಾಗ ಕೊನೇ ಬೆಂಚಿನ ಹುಡುಗನೊಬ್ಬ ಎದ್ದು, "ಹಂಗಾರೆ ಗಿರಣಿ ಜೀಪ್‌ಗೂ ಕೇಸ್ ಹಾಕ್ತಾರಾ ಸಾ?" ಅಂದ.

ಈ ಹುಡುಗನ ವಿಷಯ ಸ್ವಲ್ಪ ಹೇಳಬೇಕು. ಅವನ ಸೋದರಮಾವನಿಗೆ ಗ್ಯಾರೇಜು. ಬರೆಯಲು ಹೇಳಿದರೆ ಅಳುಮುಖ. ಆದರೆ ಕೊಯಮತ್ತೂರಿನಲ್ಲಿ ನಾವು ಫಲಕ ಓದಿ ಹೇಳುವ ಮುಂಚೆಯೇ ಅವನು ಬಗ್ಗಿ ನೋಡಿ, ಇದಕ್ಕೆ ಹಿಂದಿನ ಚಕ್ರಕ್ಕೆ ಮಾತ್ರ ಬಲ, ಇದಕ್ಕೆ ಪಟ್ಟಾ ಅಡ್ಡಡ್ಡ ಇದೆ ಅಂತ ಹೇಳುತ್ತಿದ್ದ. ಅಲ್ಲಿ ಕನ್ನಡದ ಫಲಕವನ್ನು ನಾವು ನಿರೀಕ್ಷಿಸುವ ಹಾಗಿಲ್ಲ, ಅದು ತಮಿಳು ಊರು. ಗಾಡಿ ಅವನಿಗೆ ಗೊತ್ತು, ಗಾಡಿ ಬಗ್ಗೆ ಬರೆದದ್ದು ಅವನ ಭಾಷೆಯಲ್ಲಿಲ್ಲ. ಹತ್ತನೇ ತರಗತಿ ಮುಗಿಸಿದ ಮೇಲೆ ಇಂಥ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಕೆಲವರು ಚಾಮರಾಜನಗರಕ್ಕೆ. ಕೆಲವರು ಘಾಟಿ ಇಳಿದು ಐ.ಟಿ.ಐ.ಗೆ, ಅಲ್ಲಿ ತಮಿಳಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯಬೇಕು. ಹಲವರು ಎಲ್ಲಿಗೂ ಇಲ್ಲ, ಹೊಲಕ್ಕೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಪೋಷಕರು ನಮ್ಮನ್ನು ಕೇಳುವ ಮೊದಲ ಪ್ರಶ್ನೆಯೇ "ಕನ್ನಡದಲ್ಲಿ ಓದಿ ಏನ್ಮಾಡಾದು ಸಾ?" ಎಂಬುದು. ತಮಿಳು ಕಲಿಯುವುದು ಬೇಡ ಅಂತ ನಾವು ಯಾವತ್ತೂ ಹೇಳಿಲ್ಲ. ಈ ನೆಲದಲ್ಲಿ ಇರುವವರು ಕಲಿಯಲೇಬೇಕು, ನಮ್ಮ ಮಕ್ಕಳು ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಅವರಿಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವಿನ ಬಗ್ಗೆ, ಅವರಿಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲಿ, ನಾಲ್ಕು ಸಾಲು ಬರೆಯುವ ಅವಕಾಶ ನಾವೇ ಕೊಡದಿದ್ದರೆ ಇನ್ಯಾರು ಕೊಡುತ್ತಾರೆ?

ಇದಕ್ಕೊಂದು ದಾರಿ ಸಿಕ್ಕಿದ್ದು ಅಮೆರಿಕದ ಇನ್ನೊಂದು ಮ್ಯೂಸಿಯಂ ಕಥೆಯಿಂದ.

ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್ ಊರಿನಲ್ಲಿ ಹೆನ್ರಿ ಫೋರ್ಡ್ 1929ರಲ್ಲಿ ಸ್ಥಾಪಿಸಿದ ದೊಡ್ಡ ಮ್ಯೂಸಿಯಂ ಇದೆ. ಅಲ್ಲಿ ಒಂದು ಸಾಧಾರಣ ಸಿಟಿ ಬಸ್ಸು ಇದೆ. 1948ರಲ್ಲಿ ಜನರಲ್ ಮೋಟಾರ್ಸ್ ತಯಾರಿಸಿದ್ದು, ನಂಬರು 2857. 1955ರ ಡಿಸೆಂಬರ್ 1ರಂದು ಅಲಬಾಮದ ಮಾಂಟ್ಗೊಮರಿ ಊರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾದರಲ್ಲ, ಆ ಬಸ್ಸು. ಇದಾದ ಮೇಲೂ ಅದು ಓಡುತ್ತಲೇ ಇತ್ತು. 1970ರ ದಶಕದ ಆರಂಭದಲ್ಲಿ ಹಳೆಯದಾಯಿತು ಅಂತ ಮಾರಿದರು. ಕೊಂಡವರು ಸೀಟು ಕಿತ್ತು ಅದನ್ನು ಹೊಲದಲ್ಲಿ ನಿಲ್ಲಿಸಿ, ಮರದ ಹಲಗೆ, ಹತಾರ ಇಡಲು ಬಳಸಿದರು. ಸುಮಾರು ಮೂವತ್ತು ವರ್ಷ ಮಳೆ ಬಿಸಿಲಿಗೆ ನಿಂತಿತ್ತು. 2001ರಲ್ಲಿ ಅಂತರ್ಜಾಲದ ಹರಾಜಿನಲ್ಲಿ ಆ ಮ್ಯೂಸಿಯಂ ಅದನ್ನು 4,92,000 ಡಾಲರಿಗೆ ಕೊಂಡಿತು!

ಅದೇ ಬಸ್ಸು ಅಂತ ಹೇಗೆ ಗೊತ್ತಾಯಿತು? ಅದೇ ಇಲ್ಲಿ ವಿಶೇಷ. ಆ ಕಾಲದಲ್ಲಿ ಮಾಂಟ್ಗೊಮರಿಯ ಬಸ್ ನಿಲ್ದಾಣದ ಮ್ಯಾನೇಜರ್ ಒಬ್ಬರು ಈ ಚಳವಳಿಯ ಪತ್ರಿಕೆ ತುಣುಕುಗಳನ್ನು ಕತ್ತರಿಸಿ ಒಂದು ಪುಸ್ತಕದಲ್ಲಿ ಅಂಟಿಸಿಟ್ಟಿದ್ದರು. ಸುದ್ದಿಯ ಪಕ್ಕದಲ್ಲಿ ಬಸ್ಸಿನ ನಂಬರು 2857, ಡ್ರೈವರನ ಹೆಸರು ಬ್ಲೇಕ್ ಅಂತ ಕೈಯಲ್ಲೇ ಬರೆದಿದ್ದರು. ಆ ನಾಲ್ಕು ಅಂಕೆ ಬರೆಯದೆ ಇದ್ದಿದ್ದರೆ ಅದೊಂದು ತುಕ್ಕು ಹಿಡಿದ ತಗಡು, ಅಷ್ಟೆ.

(ಮಕ್ಕಳಿಗೆ ಇದಕ್ಕಿಂತ ಹೆಚ್ಚು ಇಷ್ಟವಾದದ್ದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿರುವ 1903ರ ವಿಂಟನ್ ಕಾರು. ಇಡೀ ಅಮೆರಿಕವನ್ನು ಅಡ್ಡಕ್ಕೆ ದಾಟಿದ ಮೊದಲ ಕಾರು ಅದು, 63 ದಿನ ಹಿಡಿಯಿತು. ಇಬ್ಬರು ಗಂಡಸರು ಮತ್ತು ದಾರಿಯಲ್ಲಿ ಸಿಕ್ಕ ಬಡ್ ಎಂಬ ನಾಯಿ. ಧೂಳು ಬೀಳದ ಹಾಗೆ ನಾಯಿಗೂ ಕನ್ನಡಕ ಹಾಕಿದ್ದರು! ಪರೀಕ್ಷೆಯಲ್ಲಿ ಏನು ಮರೆತರೂ ಈ ನಾಯಿಯನ್ನು ಮರೆಯುವುದಿಲ್ಲ.)

ಬಸ್ಸಿನ ಕಥೆ ಹೇಳಿದ ಮಾರನೇ ದಿನ 200 ಪುಟದ ಒಂದು ಉದ್ದನೆ ನೋಟ್‌ಬುಕ್ಕು ತಂದೆವು. ಮೇಲೆ 'ನಮ್ಮ ಊರಿನ ಗಾಡಿಗಳು' ಅಂತ ಬರೆದೆವು. ಪ್ರತಿ ಗಾಡಿಗೂ ಎರಡು ಪುಟ. ನಂಬರು, ಯಾವ ವರ್ಷದ್ದು, ಯಾರಿಂದ ಯಾರಿಗೆ ಬಂತು, ಯಾವ ದಾರಿಯಲ್ಲಿ ಓಡಿತು, ಏನು ಬದಲಾಯಿಸಿದರು, ಯಾರು ಬದಲಾಯಿಸಿದರು. ಪಕ್ಕದಲ್ಲಿ ಚಿತ್ರ. ಬರೆಯುವವರು ಮಕ್ಕಳು, ಹೇಳುವವರು ಊರಿನವರು. ಪದಗಳಿಗೆ ಸ್ವಲ್ಪ ಜಗಳವಾಯಿತು. 'ಸ್ಟೇರಿಂಗು' ಅಂತ ಬರೆಯುವುದೋ 'ಚಾಲನಾ ಚಕ್ರ' ಅಂತಲೋ? ನಮ್ಮ ಸಹೋದ್ಯೋಗಿಯೊಬ್ಬರು ಶುದ್ಧ ಕನ್ನಡವೇ ಇರಲಿ ಅಂದರು. ಡ್ರೈವರು ಏನು ಹೇಳುತ್ತಾನೋ ಅದೇ ಕನ್ನಡ ಅಂತ ನಾವು ಹಟ ಹಿಡಿದೆವು. ಸ್ಟೇರಿಂಗು ಗೆದ್ದಿತು. ಗೇರು, ಪಟ್ಟಾ, ಜಾಕು, ಟಾಪು ಎಲ್ಲವೂ ಹಾಗೇ ಬಂದವು.

ಗಿರಣಿ ಹಿಂದಿನ ಜೀಪಿನ ಪುಟ ಆ ಕೊನೇ ಬೆಂಚಿನ ಹುಡುಗನದು. ಅವನು ಬರೆದದ್ದರಲ್ಲಿ ಕಾಗುಣಿತ ಮಾತ್ರ ತಿದ್ದಿ ಇಲ್ಲಿ ಕೊಡುತ್ತಿದ್ದೇವೆ: "ಇದು ಮೊದಲು ಪೆಟ್ರೋಲ್ ಜೀಪು. ನಮ್ಮ ಮಾವನ ಗುರುಗಳು ಡೀಸೆಲ್ ಇಂಜಿನ್ ಹಾಕಿದರು. ಇಂಜಿನ್ ಉದ್ದ ಆಗಿದ್ದಕ್ಕೆ ಮುಂದೆ ಜಾಲರಿ ನಾಲ್ಕು ಬೆರಳು ಮುಂದಕ್ಕೆ ಬಂದಿದೆ. ಆದ್ದರಿಂದ ಇದರ ಮುಖ ಬೇರೆ ಜೀಪಿನ ಹಾಗಿಲ್ಲ. ಇದರ ಮೇಲೆ ಕೇಸ್ ಹಾಕಲು ಆಗುವುದಿಲ್ಲ."

ಜೀಪಿನ ಯಜಮಾನರಿಗೆ ಗುಜರಿಯವರು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾರೆ. ಶಾಲೆಯ ಆವರಣದಲ್ಲಿ ಒಂದು ಶೀಟು ಹಾಕಿ ಅದನ್ನು ಇಟ್ಟುಕೊಳ್ಳಬಹುದಾ ಅಂತ ಪೋಷಕರ ಸಭೆಯಲ್ಲಿ ಕೇಳಿದೆವು. ಮಳೆ ಬಂದರೆ ಸೋರುವ ತರಗತಿಗೆ ಮೊದಲು ಶೀಟು ಹಾಕಿಸಿ ಅಂತ ಒಬ್ಬ ತಾಯಿ ಹೇಳಿದರು. ಅದು ನ್ಯಾಯವಾದ ಮಾತು, ಎದುರು ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಯಜಮಾನರು ಮಾತ್ರ ಮಕ್ಕಳು ಬಂದು ಅಳತೆ ತೆಗೆದುಕೊಂಡು ಹೋದ ಮೇಲೆ ಕೋಳಿಗಳನ್ನು ಬೇರೆ ಕಡೆ ಸಾಗಿಸಿ, ಜೀಪಿನ ಮೇಲೆ ಹಳೇ ಟಾರ್ಪಾಲು ಹೊದಿಸಿದ್ದಾರೆ. ಹಬ್ಬ ಕಳೆಯಲಿ, ಆಮೇಲೆ ನೋಡೋಣ ಅಂದಿದ್ದಾರೆ. ಯಾವ ಹಬ್ಬ ಅಂತ ನಾವು ಕೇಳಲಿಲ್ಲ.

ನೋಟ್‌ಬುಕ್ಕಿನಲ್ಲಿ ಈಗ ಹನ್ನೊಂದು ಗಾಡಿಗಳು ಸೇರಿವೆ. ಎಂಟು ಜೀಪು, ಒಂದು ಟ್ರ್ಯಾಕ್ಟರು, ಒಂದು ರಾಜದೂತ್ ಬೈಕು, ಒಂದು ಲಾರಿ. ತಾಳವಾಡಿ, ಗುಮಟಾಪುರ, ದೊಡ್ಡಗಾಜನೂರು ಕಡೆಯ ಶಾಲೆಗಳವರು ನಿಮ್ಮಲ್ಲೂ ಶುರುಮಾಡಿ, ನಮಗೆ ತಿಳಿಸಿ. ಹಳೇ ಜೀಪಿನ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ಅದರ ಬೆನ್ನಿಗೆ ಗಾಡಿ ನಂಬರನ್ನೂ ಇಸವಿಯನ್ನೂ ಪೆನ್ಸಿಲಿನಲ್ಲಿ ಬರೆದು ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿ, ನಕಲು ಮಾಡಿಕೊಂಡು ಜೋಪಾನವಾಗಿ ವಾಪಸ್ಸು ಕೊಡುತ್ತೇವೆ. ಹಾಸನೂರು ಕಡೆಯಿಂದ ಇನ್ನೂ ಒಂದು ಗಾಡಿಯೂ ಬಂದಿಲ್ಲ.